ಮನೆಗೆಲಸದ ರೋಬಾಟಿಗೆ ಎಂಥ ತೋಳು ಬೇಕು?

ಸಭಿಕರೆಲ್ಲರಿಗೂ ನಮಸ್ಕಾರ. ಮನೆಗೆಲಸದ ರೋಬಾಟಿನ ತೋಳು ಮನುಷ್ಯನ ತೋಳನ್ನು ಎಷ್ಟರ ಮಟ್ಟಿಗೆ ಹೋಲಬೇಕು ಎಂಬುದು ಇಂದು ನಾನು ಎತ್ತಿಕೊಂಡಿರುವ ಪ್ರಶ್ನೆ. ನೋಟದಲ್ಲಿ ಹೋಲಬೇಕಾದ ಅಗತ್ಯ ನನಗಂತೂ ಕಾಣುವುದಿಲ್ಲ. ಚರ್ಮದಂಥ ರಬ್ಬರ್ ಹೊದಿಸಿದ ಕೈ ಪ್ರದರ್ಶನಕ್ಕೆ ಚೆಂದ, ಅಷ್ಟೆ. ಹೋಲಿಕೆ ಇರಬೇಕಾದದ್ದು ಕೀಲುಗಳ ಜೋಡಣೆಯಲ್ಲಿ. ಅದಕ್ಕಿಂತ ಮುಖ್ಯವಾಗಿ, ಏನಾದರೂ ತಾಗಿದಾಗ ಬಾಗಿಕೊಡುವ ಗುಣದಲ್ಲಿ.

ಒಂದು ವಸ್ತುವನ್ನು ಬೇಕಾದ ಜಾಗದಲ್ಲಿ, ಬೇಕಾದ ಓರೆಯಲ್ಲಿ ಹಿಡಿಯಲು ಆರು ಸ್ವತಂತ್ರ ಚಲನೆಗಳು ಸಾಕು. ನಮ್ಮ ತೋಳಿನಲ್ಲಿ ಭುಜಕ್ಕೆ ಮೂರು, ಮೊಣಕೈಗೆ ಒಂದು, ಮುಂಗೈಯ ಹೊರಳುವಿಕೆಯನ್ನೂ ಸೇರಿಸಿಕೊಂಡರೆ ಮಣಿಕಟ್ಟಿಗೆ ಮೂರು, ಹೀಗೆ ಒಟ್ಟು ಏಳಿವೆ. ಹೆಚ್ಚಿನ ಆ ಒಂದರ ಉಪಯೋಗ ತಿಳಿಯಬೇಕಾದರೆ ಅಂಗೈಯನ್ನು ಮೇಜಿನ ಮೇಲೆ ಊರಿ, ಭುಜವನ್ನು ಕದಲಿಸದೆ ಮೊಣಕೈಯನ್ನಷ್ಟೇ ಮೇಲೆ ಕೆಳಗೆ ಆಡಿಸಿ ನೋಡಿ. ಕಪಾಟಿನ ಹಿಂಬದಿಯ ಡಬ್ಬಿಗೆ ಕೈ ಚಾಚುವಾಗ ಬಾಗಿಲಿಗೆ ಮೊಣಕೈ ಬಡಿಯದಂತೆ ನಾವು ತಪ್ಪಿಸಿಕೊಳ್ಳುವುದು ಈ ಸ್ವಾತಂತ್ರ್ಯದಿಂದಲೇ.

ತೂಕದ ಲೆಕ್ಕ ಇನ್ನೂ ಕಠಿಣವಾದದ್ದು. ಎಪ್ಪತ್ತು ಸೆಂಟಿಮೀಟರ್ ಉದ್ದದ ತೋಳನ್ನು ಅಡ್ಡಲಾಗಿ ಚಾಚಿ ಒಂದು ಕಿಲೋ ಹಿಡಿದರೆ ಭುಜದ ಮೋಟಾರಿನ ಮೇಲೆ ಸುಮಾರು 7 ನ್ಯೂಟನ್ ಮೀಟರ್ ತಿರುಚುಬಲ ಬೀಳುತ್ತದೆ. ತೋಳೇ ನಾಲ್ಕು ಕಿಲೋ ತೂಗುವುದಾದರೆ ಅದರ ಸ್ವಂತ ಭಾರಕ್ಕೆ ಸುಮಾರು 14 ಬೇಕು. ಅಂದರೆ ಮೋಟಾರು ದುಡಿಯುವುದು ಹೆಚ್ಚಾಗಿ ತೋಳನ್ನೇ ಹೊರುವುದಕ್ಕೆ. ಅಮೆರಿಕದ ವಿಲೋ ಗರಾಜ್ ಸಂಸ್ಥೆ 2010ರಲ್ಲಿ ಹೊರತಂದ ಪಿಆರ್2 ರೋಬಾಟಿನಲ್ಲಿ ತೋಳಿನ ಭಾರವನ್ನು ಸ್ಪ್ರಿಂಗುಗಳೇ ತೂಗಿಸುತ್ತಿದ್ದವು. ಆದ್ದರಿಂದ ಸಣ್ಣ ಮೋಟಾರುಗಳು ಸಾಕಾದವು, ವಿದ್ಯುತ್ ಹೋದರೂ ತೋಳು ಧೊಪ್ಪನೆ ಬೀಳುತ್ತಿರಲಿಲ್ಲ. ಆದರೆ ಅದು ಎತ್ತಬಲ್ಲದ್ದು ಎರಡು ಕಿಲೋಗಿಂತ ಕಡಿಮೆ. ನೀರು ತುಂಬಿದ ಕುಕ್ಕರು ಅದರ ಕೈಗೆ ಮೀರಿದ್ದು.

ಇನ್ನು ಬಾಗಿಕೊಡುವ ವಿಷಯ. 1961ರಲ್ಲಿ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಕಾರ್ಖಾನೆಗೆ ಬಂದ ಯೂನಿಮೇಟ್ ಎಂಬ ರೋಬಾಟು ತೋಳಿನಿಂದ ಮೊದಲುಗೊಂಡು ಕಾರ್ಖಾನೆಯ ತೋಳುಗಳಿಗೆ ಕಲಿಸಿದ್ದು ಹೇಳಿದ ಬಿಂದುವನ್ನು ತಪ್ಪದೆ ಮುಟ್ಟುವುದನ್ನು. ಅಂಥ ತೋಳಿನಿಂದ ಫ್ರಿಜ್ಜಿನ ಬಾಗಿಲು ತೆರೆಸಿದಿರೆಂದುಕೊಳ್ಳಿ. ಹಿಡಿಕೆ ವೃತ್ತದ ಜಾಡಿನಲ್ಲಿ ಸರಿಯುತ್ತದೆ. ಬಾಗಿಲ ಕೀಲು ಎಲ್ಲಿದೆಯೆಂಬ ಅಂದಾಜು ಒಂದೆರಡು ಸೆಂಟಿಮೀಟರ್ ತಪ್ಪಿದರೂ ತೋಳು ತನ್ನ ಹಟ ಬಿಡದೆ ಹಿಡಿಕೆಯನ್ನೇ ಕಿತ್ತೀತು. 1985ರಲ್ಲಿ ಸಂಶೋಧಕ ನೆವಿಲ್ ಹೋಗನ್ ಮಂಡಿಸಿದ ಇಂಪಿಡೆನ್ಸ್ ನಿಯಂತ್ರಣ ಇದಕ್ಕೆ ದಾರಿ ತೋರಿತು: ತೋಳಿಗೆ ಸ್ಥಾನವನ್ನಷ್ಟೇ ವಿಧಿಸದೆ, ಸ್ಥಾನ ತಪ್ಪಿದಾಗ ಎಷ್ಟು ಬಲದಿಂದ ಎದುರಿಸಬೇಕೆಂಬುದನ್ನೂ ಗೊತ್ತುಮಾಡುವುದು, ಅಂದರೆ ಅದನ್ನು ಬೇಕಾದಷ್ಟು ಬಿಗಿಯ ಸ್ಪ್ರಿಂಗಿನಂತೆ ನಡೆಸುವುದು. ಜರ್ಮನಿಯ ಬಾಹ್ಯಾಕಾಶ ಸಂಸ್ಥೆ ಡಿಎಲ್‌ಆರ್ ತನ್ನ ಹಗುರ ತೋಳಿನಲ್ಲಿ ಚಲನೆಗೊಂದರಂತೆ ಇರುವ ಏಳು ಕೀಲುಗಳಿಗೂ ತಿರುಚುಬಲ ಅಳೆಯುವ ಸೆನ್ಸರುಗಳನ್ನು ಕೂರಿಸಿ, ಈ ಗುಣವನ್ನು ಬಳಕೆಗೆ ತಂದಿತು. ಮಕ್ಕಳು ಓಡಾಡುವ ಮನೆಯಲ್ಲಿ ತೋಳಿನ ಸುತ್ತ ಬೇಲಿ ಹಾಕಲು ಬರುವುದಿಲ್ಲವಾದ್ದರಿಂದ, ತಾಗಿದ್ದನ್ನು ಅರಿಯುವ ಶಕ್ತಿಗೆ ಹಣ ಸುರಿಯುವುದೇ ಸರಿಯೆಂದು ನನ್ನ ಅಭಿಪ್ರಾಯ.

ಏಳು ಕೀಲುಗಳ ದುಬಾರಿ ತೋಳೇ ಬೇಕೆ ಎಂಬ ಆಕ್ಷೇಪವೂ ಉಂಟು. ಸ್ಟ್ಯಾನ್‌ಫರ್ಡ್ ಸಂಶೋಧಕರು 2024ರಲ್ಲಿ ತೋರಿಸಿದ ಮೊಬೈಲ್ ಅಲೋಹಾ ಎಂಬ ರೋಬಾಟು, ಸುಮಾರು 32,000 ಡಾಲರಿನ ವೆಚ್ಚದಲ್ಲಿ, ಆರೇ ಕೀಲುಗಳ ಅಗ್ಗದ ಎರಡು ತೋಳುಗಳಿಂದ ಸೀಗಡಿ ಹುರಿಯಿತು. ಮನುಷ್ಯನೇ ಕೈಹಿಡಿದು ಮಾಡಿಸಿದ ಚಲನೆಗಳಿಂದ ಅದು ಕಲಿತಿತ್ತು. ಆದರೆ ಅಲ್ಲಿ ಕಡಿಮೆಯಾದ ಕೀಲಿನ ಕೆಲಸವನ್ನು ಚಕ್ರಗಳ ಮೇಲಿನ ಪೀಠ ಅಷ್ಟಿಷ್ಟು ವಹಿಸಿಕೊಳ್ಳುತ್ತದೆಂಬುದನ್ನು ಗಮನಿಸಬೇಕು. ಕಟ್ಟೆಗೂ ಗೋಡೆಗೂ ನಡುವೆ ಒಬ್ಬರು ನಿಲ್ಲುವಷ್ಟೇ ಜಾಗವಿರುವ ಅಡುಗೆಮನೆಯಲ್ಲಿ ಪೀಠ ಹೊರಳುವಂತಿಲ್ಲ; ಅಲ್ಲಿ ಏಳನೆಯ ಕೀಲು ತೋಳಿನಲ್ಲೇ ಇರಬೇಕಾಗುತ್ತದೆ.