ಹೆಸರೇ ಇಲ್ಲದ ಕವರ್

ಕೇಳುಗರಿಗೆಲ್ಲ ನಮಸ್ಕಾರ.

ಕಪ್ಪು ಟೀ ಶರ್ಟು. ಎದೆಯ ಮೇಲೆ ತೆಳುವಾದ ಬಿಳಿ ಗೆರೆಗಳು, ಒಂದರ ಕೆಳಗೊಂದು. ಎರಡೂ ಬದಿಯಲ್ಲಿ ಹೆಚ್ಚುಕಡಿಮೆ ನೆಟ್ಟಗೆ, ನಡುವೆ ಮಾತ್ರ ಚೂಪಾಗಿ ಎದ್ದು ಬೀಳುವ ಗೆರೆಗಳು. ನೀವಿದನ್ನು ಎಲ್ಲೋ ನೋಡಿರುತ್ತೀರಿ. ಹಾಕಿಕೊಂಡವರನ್ನು ಇದೇನು ಅಂತ ಕೇಳಿ ನೋಡಿ. ಬೆಟ್ಟ ಅನ್ನುತ್ತಾರೆ, ಸಮುದ್ರದ ಅಲೆ ಅನ್ನುತ್ತಾರೆ, ಕೆಲವರು ಸುಮ್ನೆ ಒಂದು ಡಿಸೈನು ಅನ್ನುತ್ತಾರೆ. ಸುಮ್ನೆ ಡಿಸೈನು ಅಲ್ಲ ಸ್ವಾಮಿ! ಅದು 1979ರ ಜೂನ್‌ನಲ್ಲಿ ಬಂದ ಎಲ್‌ಪಿ ರೆಕಾರ್ಡಿನ ಕವರ್. ತಂಡ ಜಾಯ್ ಡಿವಿಷನ್, ಆಲ್ಬಮ್ 'ಅನ್‌ನೋನ್ ಪ್ಲೆಷರ್ಸ್', ಕವರ್ ಮಾಡಿದವರು ಮ್ಯಾಂಚೆಸ್ಟರ್‌ನ ಪೀಟರ್ ಸ್ಯಾವಿಲ್. ಆಗ ಅವರಿಗೆ 23 ವರ್ಷ.

ಇವತ್ತು ನಾನು ಹೇಳುವುದು ಒಂದೇ ವಿಷಯ. ಕವರ್ ಎಲ್ಲವನ್ನೂ ಹೇಳಬೇಕಾಗಿಲ್ಲ, ನೋಡುವವರಿಗೂ ಸ್ವಲ್ಪ ಕೆಲಸ ಬಿಡಬೇಕು. ಈಗಿನ ಡಿಸೈನರುಗಳಿಗೆ ಸ್ಯಾವಿಲ್ ಕೊಟ್ಟ ಧೈರ್ಯ ಇದು.

ಆ ಗೆರೆಗಳ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ನನಗೆ ತುಂಬಾ ಇಷ್ಟದ ಕಥೆ. 1967ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಜೋಸೆಲಿನ್ ಬೆಲ್ ಎಂಬ ಸಂಶೋಧನಾ ವಿದ್ಯಾರ್ಥಿನಿ, ರೇಡಿಯೋ ಟೆಲಿಸ್ಕೋಪಿನಿಂದ ಬರುತ್ತಿದ್ದ ಕಾಗದದ ಸುರುಳಿಯಲ್ಲಿ ಒಂದು ವಿಚಿತ್ರ ಮಿಡಿತವನ್ನು ಗುರುತಿಸಿದರು. ಆಕಾಶದ ಒಂದೇ ಜಾಗದಿಂದ, 1.337 ಸೆಕೆಂಡಿಗೊಮ್ಮೆ, ಬಿಡದೆ ಬರುತ್ತಿತ್ತು. ಅದೇ ಮನುಷ್ಯರು ಕಂಡ ಮೊದಲ ಪಲ್ಸಾರ್. ಅಂದರೆ, ಸತ್ತ ನಕ್ಷತ್ರವೊಂದರ ಉಳಿಕೆ ಗರಗರನೆ ತಿರುಗುತ್ತಾ ಕಳಿಸುತ್ತಿದ್ದ ರೇಡಿಯೋ ಅಲೆ. ಈ ಕೆಲಸಕ್ಕೆ 1974ರಲ್ಲಿ ನೊಬೆಲ್ ಬಂತು, ಆದರೆ ಬಂದದ್ದು ಅವರ ಮಾರ್ಗದರ್ಶಕರಿಗೆ, ಅವರಿಗಲ್ಲ. ವಿಷಯ ಬೇರೆ, ಆದರೂ ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ.

ಆಮೇಲೆ ಹೆರಾಲ್ಡ್ ಕ್ರಾಫ್ಟ್ ಎಂಬ ಇನ್ನೊಬ್ಬ ವಿದ್ಯಾರ್ಥಿ. ಇವರು ಪೋರ್ಟೊ ರಿಕೊದ ಅರೆಸಿಬೊ ಟೆಲಿಸ್ಕೋಪಿನಲ್ಲಿ ಅದೇ ಪಲ್ಸಾರಿನ ಮಿಡಿತಗಳನ್ನು ಹಿಡಿದು, ಒಂದೊಂದು ಮಿಡಿತಕ್ಕೆ ಒಂದೊಂದು ಗೆರೆ ಬರೆಸಿ, ಒಂದರ ಕೆಳಗೊಂದು ಜೋಡಿಸಿ, 1970ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಹಾಕಿದರು. 80 ಮಿಡಿತ. ನೀವೇ ಲೆಕ್ಕ ಹಾಕಿ, ಆ ಇಡೀ ಚಿತ್ರದಲ್ಲಿ ಇರುವುದು ಎರಡು ನಿಮಿಷಕ್ಕೂ ಕಡಿಮೆ ಹೊತ್ತಿನ ಆಕಾಶ! ಮುಂದೆ ಆ ಚಿತ್ರ ಖಗೋಳ ವಿಶ್ವಕೋಶವೊಂದರಲ್ಲಿ ಅಚ್ಚಾಯಿತು, ಅಲ್ಲಿ ತಂಡದವರ ಕಣ್ಣಿಗೆ ಬಿತ್ತು, ಅವರು ತಂದು ಸ್ಯಾವಿಲ್ ಕೈಗೆ ಕೊಟ್ಟರು.

ಸ್ಯಾವಿಲ್ ಏನು ಮಾಡಿದರು? ಬಹಳ ಕಡಿಮೆ ಮಾಡಿದರು. ಪುಸ್ತಕದಲ್ಲಿ ಬಿಳಿಯ ಮೇಲೆ ಕಪ್ಪು ಗೆರೆ ಇತ್ತು, ಅದನ್ನು ಕಪ್ಪಿನ ಮೇಲೆ ಬಿಳಿ ಮಾಡಿದರು. ಚಿತ್ರವನ್ನು ಚಿಕ್ಕದಾಗಿ ನಡುವೆ ಇಟ್ಟು, ಸುತ್ತಲೂ ಖಾಲಿ ಬಿಟ್ಟರು. ಕೈಗೆ ತರಿತರಿ ಅನ್ನಿಸುವ ಕಾಗದ ಆರಿಸಿದರು. ಮುಂಭಾಗದಲ್ಲಿ ತಂಡದ ಹೆಸರು ಹಾಕಲಿಲ್ಲ, ಆಲ್ಬಮ್ ಹೆಸರೂ ಇಲ್ಲ, ಹಾಡುವವರ ಮುಖವೂ ಇಲ್ಲ. ನೆನಪಿಡಿ, ಅದು ಆ ತಂಡದ ಮೊದಲ ಆಲ್ಬಮ್. ಹೆಸರು ಮಾಡದ ತಂಡದ ಹೆಸರನ್ನೇ ಬಿಟ್ಟುಬಿಡುವುದು ಎಂದರೆ ಎಷ್ಟು ಎದೆಗಾರಿಕೆ ಬೇಕು, ಅಲ್ವಾ?

ಇದಕ್ಕೆಲ್ಲ ಜಾಗ ಕೊಟ್ಟದ್ದು ಆ ಆಲ್ಬಮ್ ಹೊರತಂದ ಕಂಪನಿ, ಫ್ಯಾಕ್ಟರಿ ರೆಕಾರ್ಡ್ಸ್. 1978ರಲ್ಲಿ ಅವರಿಗಾಗಿ ಮಾಡಿದ ಮೊದಲ ಪೋಸ್ಟರಿನಲ್ಲಿ ಸ್ಯಾವಿಲ್ ಬಳಸಿದ್ದು, ಸದ್ದು ಜಾಸ್ತಿ, ಕಿವಿ ಕಾಪಾಡಿಕೊಳ್ಳಿ ಎನ್ನುವ ಎಚ್ಚರಿಕೆ ಫಲಕದ ಚಿತ್ರವನ್ನು. ಪೋಸ್ಟರು ಎಷ್ಟು ಚೆನ್ನಾಗಿ ಬಂತೋ ಅಷ್ಟೇ ತಡವಾಗಿಯೂ ಬಂತು, ಕಾರ್ಯಕ್ರಮ ಅಷ್ಟರಲ್ಲಿ ಮುಗಿದೇ ಹೋಗಿತ್ತು. ಆದರೂ ಅವರನ್ನು ಬಿಡಲಿಲ್ಲ, ಮತ್ತೆ ಕೆಲಸ ಕೊಟ್ಟರು. ಹೆಸರು ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ ಅಂತ ದಿನಾ ಒತ್ತಾಯ ಮಾಡುವ ಗಿರಾಕಿಗಳು ಇದನ್ನು ದಯವಿಟ್ಟು ಕೇಳಿಸಿಕೊಳ್ಳಬೇಕು.

ಈಗಿನವರ ವಿಷಯಕ್ಕೆ ಬರೋಣ. ಬೆಲ್ಜಿಯಂನ ಉಡುಪು ವಿನ್ಯಾಸಕ ರಾಫ್ ಸೈಮನ್ಸ್ 2003ರಲ್ಲಿ ಸ್ಯಾವಿಲ್ ಕವರ್‌ಗಳನ್ನೇ ಕೋಟುಗಳ ಮೇಲೆ ತಂದರು. ಮುಂದೆ 2017ರಲ್ಲಿ ಅವರು ಕ್ಯಾಲ್ವಿನ್ ಕ್ಲೈನ್ ಕಂಪನಿಯಲ್ಲಿದ್ದಾಗ ಅಲ್ಲಿನ ಲೋಗೋವನ್ನು ಹೊಸದು ಮಾಡಿದವರೂ ಸ್ಯಾವಿಲ್ಲೇ. 2012ರಲ್ಲಿ ಡಿಸ್ನಿಯವರು ಆ ಗೆರೆಗಳನ್ನು ಮಿಕ್ಕಿ ಮೌಸ್ ಆಕಾರಕ್ಕೆ ಬಗ್ಗಿಸಿ ಟೀ ಶರ್ಟ್ ತಂದು, ಆಮೇಲೆ ಹಿಂದಕ್ಕೆ ತೆಗೆದುಕೊಂಡರು. ಗೆರೆ ಕದಿಯುವುದು ಪ್ರಭಾವ ಅಲ್ಲ, ನನಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ. ಒಂದು ಹೊಸ ತಂಡದ ಕವರಿನಲ್ಲಿ ಬರೀ ಒಂದು ಚಿತ್ರ ಇಟ್ಟು, ಅಕ್ಷರ ಒಂದೂ ಇಲ್ಲದೆ, ನೋಡುವವರೇ ಹುಡುಕಿಕೊಳ್ಳಲಿ ಅಂತ ಯಾರಾದರೂ ಬಿಟ್ಟರೆ, ಅವರು ಸ್ಯಾವಿಲ್ ಹೆಸರು ಕೇಳಿರದಿದ್ದರೂ ಅವರ ದಾರಿಯಲ್ಲೇ ಇದ್ದಾರೆ.

ಸಮಯ ಕಡಿಮೆ ಉಳಿದಿದೆ, 1983ರದ್ದನ್ನು ಬೇಗ ಹೇಳಿಬಿಡುತ್ತೇನೆ. ಜಾಯ್ ಡಿವಿಷನ್‌ನ ಹಾಡುಗಾರ ತೀರಿಕೊಂಡ ಮೇಲೆ ಉಳಿದವರು ಕಟ್ಟಿದ ತಂಡ ನ್ಯೂ ಆರ್ಡರ್. ಅವರ 'ಬ್ಲೂ ಮಂಡೇ' ಕವರ್ ದೊಡ್ಡ ಕಂಪ್ಯೂಟರ್ ಫ್ಲಾಪಿಯಂತಿತ್ತು, ಅಲ್ಲಲ್ಲಿ ತೂತು ಕತ್ತರಿಸಿದ್ದು. ಅಲ್ಲೂ ಅಕ್ಷರದ ಬದಲು ಬಣ್ಣದ ಚೌಕಗಳು, ಆ ಬಣ್ಣಗಳೇ ಅಕ್ಷರಮಾಲೆ. ಅದೇ ವರ್ಷದ ಆಲ್ಬಮ್ 'ಪವರ್, ಕರಪ್ಷನ್ ಅಂಡ್ ಲೈಸ್'. ಅಧಿಕಾರ, ಭ್ರಷ್ಟಾಚಾರ, ಸುಳ್ಳು ಅಂತ ಹೆಸರಿಟ್ಟ ಆಲ್ಬಮ್ ಮೇಲೆ ಇದ್ದದ್ದು ಏನು ಗೊತ್ತಾ? ಫ್ರಾನ್ಸಿನ ಫಾಂತಾಂ ಲಾತೂರ್ 1890ರಲ್ಲಿ ಬರೆದ ಗುಲಾಬಿ ಹೂವಿನ ಬುಟ್ಟಿ! ಒಂದು ಮೂಲೆಯಲ್ಲಿ ಅದೇ ಬಣ್ಣದ ಚೌಕಗಳು. ಯಾಕೆ ಹೂವು ಅಂತ ಕವರ್ ಎಲ್ಲೂ ಹೇಳುವುದಿಲ್ಲ, ನೀವೇ ಯೋಚಿಸಬೇಕು.

ರೇಡಿಯೋದಲ್ಲಿ ನಿಮಗೆ ಇದನ್ನೆಲ್ಲ ತೋರಿಸಲು ಆಗುತ್ತಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಹುಡುಕಿ ನೋಡಿ. ಹೂವಿನ ಕವರಿನ ಹಿಂಬದಿಯನ್ನೂ ತಪ್ಪದೆ ನೋಡಿ, ಅಲ್ಲಿ ಒಂದು ಬಣ್ಣದ ಚಕ್ರ ಇದೆ, ಸಂಕೇತದ ಕೀಲಿ ಅದೇ. ಮನೆಯ ಮಕ್ಕಳ ಕೈಗೆ ಕಾಗದ, ಪೆನ್ಸಿಲ್ ಕೊಟ್ಟು ಬಿಡಿಸಲು ಹೇಳಿ. ನಮಸ್ಕಾರ.