ಚೂರು ಬೀಳದ ತೂತು

ಕೇಳುಗರೇ, ನಮಸ್ಕಾರ.

2 ಮಿಲಿಮೀಟರ್ ದಪ್ಪದ ಗೋಡೆಯ ಎಂಎಸ್ (ಸಾದಾ ಉಕ್ಕಿನ) ಚೌಕಪೈಪು. ಅದಕ್ಕೆ ಎಂ8, ಅಂದರೆ 8 ಮಿಲಿಮೀಟರ್ ವ್ಯಾಸದ ಬೋಲ್ಟು ಕೂರಿಸಬೇಕು. ಮಾಮೂಲಿ ಬಿಟ್ಟಿನಲ್ಲಿ ತೂತು ಹೊಡೆದು, ಥ್ರೆಡ್ ಕೊರೆಯುವ ಟ್ಯಾಪ್ ಹಾಕಿದರೆ ಸಿಗುವ ಥ್ರೆಡ್ಡು ಒಂದೂವರೆ ಸುತ್ತು; ಎಂ8ರ ಪಿಚ್ಚೇ (ಸುತ್ತಿನಿಂದ ಸುತ್ತಿಗಿರುವ ಅಂತರ) 1.25 ಮಿಲಿಮೀಟರ್. ಸ್ಪ್ಯಾನರ್ ತುಸು ಜೋರಾಗಿ ಎಳೆದರೆ ಕಿತ್ತು ಬರುತ್ತದೆ. ಒಳಗೆ ನಟ್ಟು ಹಿಡಿಯೋಣವೆಂದರೆ ಕೈ ಹೋಗದು. ಅದಕ್ಕೇ ನಟ್ಟು ವೆಲ್ಡ್ ಮಾಡುವುದು ರೂಢಿ. ಲೋಹವನ್ನು ಕತ್ತರಿಸದೆ, ಉಜ್ಜಿ ಕಾಯಿಸಿ ತೂತು ಮಾಡುವ ಘರ್ಷಣೆ ಡ್ರಿಲ್ಲಿಂಗಿನಲ್ಲಿ ಪೈಪಿನ ಗೋಡೆಯೇ ನಟ್ಟಾಗುತ್ತದೆ.

ಇದರ ಟೂಲಿಗೆ ಕತ್ತರಿಸುವ ಅಲಗೇ ಇಲ್ಲ. ಟಂಗ್‌ಸ್ಟನ್ ಕಾರ್ಬೈಡಿನ ಚೂಪು ಮೊನೆ, ಮೇಲೆ ತೂತಿನ ಅಳತೆಯ ಮೈ, ಅದಕ್ಕೂ ಮೇಲೆ ಅಗಲವಾದ ಕಾಲರ್. ಮೈ ಪೂರ್ತಿ ದುಂಡಗಿಲ್ಲ, ಮೂಲೆ ಸವೆದ ಚೌಕದಂತಿದೆ. ಆ ಉಬ್ಬುಗಳೇ ಲೋಹವನ್ನು ಉಜ್ಜಿ ಕಾಯಿಸುವುದು. ಫ್ರಾನ್ಸಿನ ಝಾನ್ ಕ್ಲೋದ್ ದ ವಾಲಿಯೇರ್ 1923ರಲ್ಲೇ ಇದನ್ನು ಪ್ರಯತ್ನಿಸಿದ್ದರು. ಆ ಶಾಖ ತಾಳುವ ಟೂಲೂ ಇರಲಿಲ್ಲ, ಸರಿಯಾದ ಆಕಾರವೂ ಸಿಕ್ಕಿರಲಿಲ್ಲ. ಕಾರ್ಖಾನೆಗೆ ಇಳಿಯಲು ದಶಕಗಳೇ ಹಿಡಿದವು.

ಎಂ8ಕ್ಕೆ 7.3 ಮಿಲಿಮೀಟರ್ ಟೂಲು, ಸುಮಾರು 2,400 ಆರ್‌ಪಿಎಂ, ಎರಡು ಕಿಲೋವ್ಯಾಟಿನ ಆಸುಪಾಸಿನ ಮೋಟಾರು ಸಾಕು. ಲೋಹ ಅಂಟದಂತೆ ಮೊನೆಗೆ ಪೇಸ್ಟು ಸವರಿ. ಕಷ್ಟವಿರುವುದು ಮೊದಲ ಕ್ಷಣದಲ್ಲಿ: ಲೋಹ ಇನ್ನೂ ತಣ್ಣಗಿರುತ್ತದೆ, ಗಟ್ಟಿಯಾಗಿ ಒತ್ತಬೇಕು. ಮೊನೆಯ ಸುತ್ತ ಕೆಂಪು ಕಂಡಿತೆಂದರೆ ಪಾಕಕ್ಕೆ ಬಂದ ಬೆಲ್ಲದ ಹಾಗೆ ಲೋಹ ಜಾಗ ಬಿಡುತ್ತದೆ. ಆಗ ಫೀಡ್ (ಟೂಲು ಇಳಿಯುವ ವೇಗ) ಏರಿಸಿ, ತಡೆಯದೆ ಇಳಿಸಿ. ಲೋಹ ಮೊದಲು ಮೇಲಕ್ಕುಬ್ಬುತ್ತದೆ, ಆಮೇಲೆ ಕೆಳಕ್ಕೆ ಹರಿದು ಕೊಳವೆಯಂಥ ಬುಷ್ ಕಟ್ಟುತ್ತದೆ. ಮೇಲಿನ ಉಬ್ಬನ್ನು ಕಾಲರ್ ವಾಷರಿನಂತೆ ಚಪ್ಪಟೆ ಮಾಡುತ್ತದೆ. ಮೂರ್ನಾಲ್ಕು ಸೆಕೆಂಡಿನ ಕೆಲಸ. ಬುಷ್ಷಿನ ಉದ್ದ ಗೋಡೆಯ ದಪ್ಪದ ಮೂರು ಪಟ್ಟಿನವರೆಗೂ ಬರುತ್ತದೆ, ಅಂದರೆ ಥ್ರೆಡ್ಡಿಗೆ ನಾಲ್ಕು ಸುತ್ತಿನ ಜಾಗ.

ಟ್ಯಾಪಿನಲ್ಲೂ ಜಾಗ್ರತೆ. ಇಲ್ಲಿ ಹಾಕುವುದು ಥ್ರೆಡ್ಡನ್ನು ಕೊರೆಯದೆ ಒತ್ತಿ ಮೂಡಿಸುವ ಫಾರ್ಮ್ ಟ್ಯಾಪ್. ಕೈ ಅಭ್ಯಾಸದಿಂದ, ಕೊರೆಯುವ ಟ್ಯಾಪಿಗೆ ಮಾಡುವ 6.8 ಮಿಲಿಮೀಟರಿನ ತೂತು ಮಾಡಿಟ್ಟರೆ ಒತ್ತಿದ ಲೋಹಕ್ಕೆ ಜಾಗವಿರದೆ ಟ್ಯಾಪ್ ಒಳಗೇ ಸಿಕ್ಕಿ ಮುರಿಯುತ್ತದೆ. ಎಣ್ಣೆ ಧಾರಾಳವಾಗಿರಲಿ.

ಟೂಲು ಮುರಿಯುವುದು ಹೆಚ್ಚಾಗಿ ಅವಸರದಿಂದ. ಕಾಯುವ ಮೊದಲೇ ಫೀಡ್ ಕೊಟ್ಟರೆ ಕಾರ್ಬೈಡ್ ಚಟ್ಟನೆ ಒಡೆಯುತ್ತದೆ. ಹೆದರಿ ನಿಧಾನ ಮಾಡಿದರೆ ಶಾಖ ಸುತ್ತಲೂ ಹರಡಿ ಜಾಬ್ (ತೂತು ಮಾಡುವ ತುಂಡು) ನೀಲಿಯಾಗುತ್ತದೆ, ತೆಳು ಗೋಡೆ ಒಳಕ್ಕೆ ಕುಸಿಯುತ್ತದೆ. ಪೈಪಿನ ವೆಲ್ಡ್ ಸಾಲಿನ ಮೇಲೆ ತೂತು ಬೇಡ. ಬೀಡುಕಬ್ಬಿಣಕ್ಕೆ ಇದು ಹೇಳಿದ್ದೇ ಅಲ್ಲ. ಅದು ಹರಿಯುವುದಿಲ್ಲ, ಸೀಳುತ್ತದೆ. ಸ್ಟೇನ್‌ಲೆಸ್‌ಗೆ ಸ್ಪೀಡ್ ತುಸು ತಗ್ಗಿಸಿ, ಅಲ್ಯೂಮಿನಿಯಮ್ಮಿಗೆ ಹೆಚ್ಚಿಸಿ. ಸತುವು ಲೇಪಿಸಿದ ಜಿಐ ಪೈಪಾದರೆ ಹೊಗೆ ಉಸಿರಿಗೆ ಹೋಗದಂತೆ ಗಾಳಿ ಹೊರದೂಡುವ ಫ್ಯಾನ್ ಬೇಕೇಬೇಕು.

ಮಾಮೂಲಿ ಡ್ರಿಲ್ ಚಕ್ಕಿಗೆ ಈ ಟೂಲನ್ನು ಸಿಕ್ಕಿಸಬೇಡಿ. ತಂಪು ಮಾಡುವ ಅಲ್ಯೂಮಿನಿಯಂ ಬಿಲ್ಲೆಯಿರುವ ಕೊಲೆಟ್ ಹೋಲ್ಡರೇ (ಟೂಲನ್ನು ಸುತ್ತಲೂ ಬಿಗಿಹಿಡಿಯುವ ಹಿಡಿಕೆ) ಬೇಕು. ಇಲ್ಲದಿದ್ದರೆ ಶಾಖ ಸ್ಪಿಂಡಲ್ಲಿನ (ಯಂತ್ರದ ತಿರುಗುವ ದಂಡದ) ಬೇರಿಂಗಿಗೇ ಏರುತ್ತದೆ. ಇನ್ನೊಂದು, ಡ್ರಾಯಿಂಗ್ ಹಾಕುವಾಗಲೇ ನೋಡಿಕೊಳ್ಳಿ: ಬುಷ್ ಪೈಪಿನೊಳಕ್ಕೆ ಚಾಚಿಕೊಂಡಿರುತ್ತದೆ. ಅದರೊಳಗೆ ಇನ್ನೊಂದು ಪೈಪು ಜಾರಬೇಕಿದ್ದರೆ ಅಲ್ಲೇ ತಡೆದು ನಿಲ್ಲುತ್ತದೆ.