ಚಿಪ್ಪಿಗಿಂತ ಚೀಟಿ ದೊಡ್ಡದು

ಕೇಳುಗರೆಲ್ಲರಿಗೂ ನಮಸ್ಕಾರ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಉಳಿದದ್ದೆಲ್ಲ ಮರೆತರೂ ಇದೊಂದು ನೆನಪಿರಲಿ. ಚಿಪ್ಪಿಗಿಂತ ಅದರ ಜೊತೆಗಿರುವ ಚೀಟಿ ದೊಡ್ಡದು. ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು, ಯಾರಿಗೆ ಸಿಕ್ಕಿತು, ಇಷ್ಟು ಬರೆದಿಟ್ಟ ಚೀಟಿ. ಅದಿಲ್ಲದ ಚಿಪ್ಪು ಎಷ್ಟೇ ಚೆಂದ ಇರಲಿ, ಸುಣ್ಣ ಸುಡುವುದಕ್ಕೆ ಸರಿ.

ಬಸವನಹುಳು, ಕಪ್ಪೆಚಿಪ್ಪು, ಕರಾವಳಿಯವರು ಸಾರು ಮಾಡುವ ಬಳಚು, ಸಮುದ್ರದ ಶಂಖ, ಇವೆಲ್ಲ ಒಂದೇ ದೊಡ್ಡ ಬಳಗ. ಮೃದ್ವಂಗಿಗಳು ಅಂತ ಪಠ್ಯಪುಸ್ತಕದಲ್ಲಿ ಓದಿರುತ್ತೀರಿ. ಮ್ಯೂಸಿಯಂ ಒಳಗೆ ಕೂತು ಇಡೀ ಆಯುಷ್ಯ ಇವುಗಳನ್ನೇ ನೋಡಿದ ಒಬ್ಬರ ಬಗ್ಗೆ ಇವತ್ತು ಹೇಳಬೇಕು. ಹೆಸರು ಬೈನಿ ಪ್ರಸಾದ್. ಹುಟ್ಟಿದ್ದು 1894ರಲ್ಲಿ, ಪಂಜಾಬಿನಲ್ಲಿ. ನಮ್ಮಲ್ಲಿ ಪ್ರಾಣಿಶಾಸ್ತ್ರ ಓದಿದವರಿಗೂ ಈ ಹೆಸರು ಗೊತ್ತಿರುವುದಿಲ್ಲ. ಅದು ನನಗೆ ಸ್ವಲ್ಪ ಸಿಟ್ಟು ತರಿಸುವ ಸಂಗತಿ. ಇರಲಿ.

ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಶುರುವಾದದ್ದು 1916ರಲ್ಲಿ, ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನ ಪ್ರಾಣಿ ವಿಭಾಗವೇ ಬೇರೆಯಾಗಿ. ಮೊದಲ ನಿರ್ದೇಶಕರು ಸ್ಕಾಟ್ಲೆಂಡಿನ ನೆಲ್ಸನ್ ಅನ್ನಂಡೇಲ್. ಯುವಕ ಪ್ರಸಾದ್ ಪಳಗಿದ್ದು ಅವರ ಜೊತೆಯಲ್ಲಿ. 1921ರಲ್ಲಿ ಇಬ್ಬರೂ ಸೇರಿ ಒಂದು ಬಸವನಹುಳುವಿಗೆ ಹೊಸ ಕುಲದ ಹೆಸರು ಕೊಟ್ಟರು, ಇಂಡೋಪ್ಲಾನಾರ್ಬಿಸ್ ಅಂತ. ಹೆಸರು ಕೇಳಿ ರೇಡಿಯೊ ಆರಿಸಬೇಡಿ, ಈ ಹುಳು ನಿಮಗೆ ಗೊತ್ತು. ಕೆರೆಯಂಚಿನಲ್ಲಿ, ಗದ್ದೆಯ ನೀರಿನಲ್ಲಿ ಚಕ್ಕುಲಿಯ ಹಾಗೆ ಚಪ್ಪಟೆಯಾಗಿ ಸುತ್ತಿಕೊಂಡು ಇರುತ್ತದಲ್ಲ, ಅದೇ.

ದನ ಕಟ್ಟಿದವರು ಇಲ್ಲಿ ಕಿವಿಗೊಡಿ. ಹಸು, ಎತ್ತುಗಳ ಮೂಗಿನೊಳಗೆ ಗಂಟು ಬೆಳೆದು, ಉಸಿರಾಡುವಾಗ ಗೊರಕೆಯ ಸದ್ದು ಬರುವ ರೋಗ ಇದೆ. ಆ ರೋಗ ತರುವ ಪರಾವಲಂಬಿ ಹುಳ ಬೆಳೆಯುವುದು ಈ ಬಸವನಹುಳುವಿನ ಮೈಯೊಳಗೆ. ಅಲ್ಲಿಂದ ನೀರಿಗೆ ಬಂದು, ನೀರಿಗಿಳಿದ ದನದ ಚರ್ಮ ತೂರಿ ಒಳಗೆ ಹೋಗುತ್ತದೆ. ನಾಟಿಗೆ ಇಳಿದವರ ಕಾಲಿಗೆ ತುರಿಕೆ ಬರುವುದರಲ್ಲೂ ಇದರ ಪಾಲಿದೆ. ಯಾವ ಕೆರೆಯಲ್ಲಿ ಯಾವ ಹುಳು ಇದೆ ಅಂತ ಗೊತ್ತಿಲ್ಲದೆ ರೋಗ ತಡೆಯುವುದು ಹೇಗೆ? ಅದನ್ನು ಹೇಳುವುದು ಚೀಟಿ. ಮ್ಯೂಸಿಯಂನವರು ಚಿಪ್ಪು ಎಣಿಸುತ್ತಾ ಸಂಬಳ ತಿನ್ನುತ್ತಾರೆ ಅನ್ನುವವರಿಗೆ ನಾನು ಈ ಹುಳುವನ್ನೇ ತೋರಿಸುವುದು.

ಈಗ ನನ್ನ ಅಚ್ಚುಮೆಚ್ಚಿನ ಕತೆಗೆ ಬರುತ್ತೇನೆ. 1899ರಲ್ಲಿ ಡಚ್ಚರು ಸಿಬೋಗಾ ಎನ್ನುವ ಹಡಗನ್ನು ಇಂಡೊನೇಷ್ಯಾದ ಸಮುದ್ರಕ್ಕೆ ಇಳಿಸಿದರು. ಅಸಲಿಗೆ ಅದು ಯುದ್ಧಕ್ಕೆಂದು ಕಟ್ಟಿದ ತೋಪಿನ ಹಡಗು. ಪ್ರಾಣಿಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಅದರ ಮುಖಂಡ. ಅವರ ಹೆಂಡತಿ ಆನ್ನಾ ಕೂಡ ಜೊತೆಗಿದ್ದರು. ಆಕೆ ಸಮುದ್ರದ ಪಾಚಿಗಳಲ್ಲಿ ದೊಡ್ಡ ಪಂಡಿತೆ. ಆ ಕಾಲದಲ್ಲಿ ಹೆಂಗಸೊಬ್ಬಳು ನೌಕಾಪಡೆಯ ಹಡಗಿನಲ್ಲಿ ವಿಜ್ಞಾನದ ಕೆಲಸಕ್ಕೆ ಹೊರಟದ್ದೆಂದರೆ ಅದೇ ಇನ್ನೊಂದು ಭಾಷಣಕ್ಕೆ ಆಗುವಷ್ಟಿದೆ. ಸುಮಾರು ಒಂದು ವರ್ಷ ದ್ವೀಪದಿಂದ ದ್ವೀಪಕ್ಕೆ ಸುತ್ತಿದರು. 322 ಕಡೆ ನಿಲ್ಲಿಸಿ, ಬಲೆ ಇಳಿಸಿ, ತಳದ ಕೆಸರು, ಹವಳ, ಚಿಪ್ಪು ಎಲ್ಲ ಮೇಲಕ್ಕೆತ್ತಿದರು. ನಿಂತ ಪ್ರತಿ ಜಾಗಕ್ಕೂ ಒಂದೊಂದು ನಂಬರು. ಆ ನಂಬರಿಗೆ ಅಕ್ಷಾಂಶ ರೇಖಾಂಶ ಎಷ್ಟು, ಆಳ ಎಷ್ಟು, ತಳ ಮರಳೋ ಕೆಸರೋ, ತಾರೀಖು ಯಾವುದು, ಎಲ್ಲ ಬರೆದರು. ಮೇಲೆ ಬಂದ ಪ್ರಾಣಿಗೂ ಅದೇ ನಂಬರು ಹಚ್ಚಿದರು.

ಆಗ ನಮ್ಮ ಬೈನಿ ಪ್ರಸಾದ್ ಪಂಜಾಬಿನಲ್ಲಿ ಐದಾರು ವರ್ಷದ ಮಗು!

ಸಿಬೋಗಾ ತಂದದ್ದನ್ನು ಒಂದೇ ಸಲ ಓದಿ ಮುಗಿಸುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಒಂದೊಂದು ಗುಂಪನ್ನು ಒಬ್ಬೊಬ್ಬ ತಜ್ಞರಿಗೆ ಹಂಚಿದರು. ಎರಡು ಚಿಪ್ಪಿನ ಪ್ರಾಣಿಗಳಲ್ಲಿ ಒಂದು ಕುಟುಂಬದ ಕೆಲಸ ಮೊದಲೇ ಆಗಿತ್ತು, ಉಳಿದ ದೊಡ್ಡ ರಾಶಿ ಬೈನಿ ಪ್ರಸಾದ್ ಪಾಲಿಗೆ ಬಂತು. ಅವರ ವರದಿ ಅಚ್ಚಾದದ್ದು 1932ರಲ್ಲಿ. ಲೆಕ್ಕ ಹಾಕಿ, ಮೂವತ್ತು ವರ್ಷದ ಮೇಲಾಯಿತು. ಆ ಹಡಗನ್ನು ಅವರು ಹತ್ತಿದವರಲ್ಲ, ಬಲೆ ಎಳೆದವರಲ್ಲ. ಆದರೂ ಇದು ಇಂಥ ಜಲಸಂಧಿಯಲ್ಲಿ ಇಷ್ಟು ಆಳದಲ್ಲಿ ಇರುವ ಜೀವಿ ಅಂತ ಬರೆಯಲು ಅವರಿಗೆ ಸಾಧ್ಯವಾಯಿತು. ಹೇಗೆ? ಚೀಟಿಯಿಂದ. ಹಡಗಿನಲ್ಲಿ ಯಾರೋ ಬೇಸರಪಟ್ಟು, ಆಮೇಲೆ ಬರೆದರಾಯಿತು ಅಂತ ಬಿಟ್ಟಿದ್ದರೆ ಆ ರಾಶಿಯಿಂದ ಪ್ರಸಾದ್ ಅವರಿಗೆ ಏನು ಸಿಗುತ್ತಿತ್ತು? ನನ್ನ ಹತ್ತಿರ ಚೀಲದ ತುಂಬ ಚಿಪ್ಪು ತಂದು, "ಎಲ್ಲಿಯದಪ್ಪ" ಅಂತ ಕೇಳಿದರೆ, "ಅಲ್ಲೇ ಎಲ್ಲೋ ಬೀಚಿನಲ್ಲಿ ಸಾರ್" ಅನ್ನುತ್ತಾರೆ. ಅಂಥವರಿಗೆ ಈ ಕತೆ ತಪ್ಪದೆ ಹೇಳುತ್ತೇನೆ. ಕತೆ ಉದ್ದವಾಯಿತು, ಸಮಯ ಓಡುತ್ತಿದೆ.

ಎರಡನೇ ಮಹಾಯುದ್ಧದ ಹೊತ್ತಿಗೆ ಪ್ರಸಾದ್ ಸರ್ವೇಕ್ಷಣಾಲಯದ ನಿರ್ದೇಶಕರು. ಕಲ್ಕತ್ತೆಯ ಮೇಲೆ ಜಪಾನಿನ ಬಾಂಬಿನ ಭಯ. 1942ರಲ್ಲಿ ಕಚೇರಿಯನ್ನು, ಸಂಗ್ರಹವನ್ನು ಕಾಶಿಯ ಕೈಸರ್ ಕ್ಯಾಸಲ್ ಎನ್ನುವ ಕಟ್ಟಡಕ್ಕೆ ಸಾಗಿಸಿದರು. ಬಾಂಬಿನಿಂದ ದೂರ ಹೋದರೆ ಮರುವರ್ಷ ವರುಣಾ ನದಿ ಉಕ್ಕಿ ಒಳಗೇ ನುಗ್ಗಿತು. ಸಂಗ್ರಹಕ್ಕೆ ದೊಡ್ಡ ಪೆಟ್ಟು ಬಿತ್ತು. ಒದ್ದೆಯಾದ ಚಿಪ್ಪನ್ನು ಒರೆಸಿ ಒಣಗಿಸಬಹುದು. ಅಂಟಿಸಿದ ಚೀಟಿ ತೇಲಿಹೋದರೆ ಮತ್ತೆ ಬರೆಯುವವರು ಯಾರು? ಅದಕ್ಕೇ ಜಾಣರು ಚೀಟಿಯನ್ನು ಶೀಸೆಯ ಹೊರಗೆ ಅಂಟಿಸಿ ಸುಮ್ಮನಾಗುವುದಿಲ್ಲ, ಒಳಗೂ ಒಂದು ಹಾಕುತ್ತಾರೆ.

ಇದರ ನಡುವೆ ಈ ಮನುಷ್ಯ ಇನ್ನೊಂದು ಕೆಲಸ ಮಾಡಿದ್ದಾರೆ, ನಂಬುವುದು ಕಷ್ಟ. ಪರ್ಷಿಯನ್ ಭಾಷೆಯಲ್ಲಿದ್ದ ಮೊಘಲ್ ಸರದಾರರ ಚರಿತ್ರೆಯೊಂದರ ಇಂಗ್ಲಿಷ್ ಅನುವಾದವನ್ನು ಹೆನ್ರಿ ಬೆವರಿಜ್ ಅರ್ಧಕ್ಕೆ ಬಿಟ್ಟಿದ್ದರು. ತಿದ್ದಿ, ಟಿಪ್ಪಣಿ ಬರೆದು ಪೂರ್ತಿ ಮಾಡಿದವರು ನಮ್ಮ ಬಸವನಹುಳುವಿನ ಪ್ರಸಾದ್! ಆಮೇಲೆ ಕೇಂದ್ರ ಸರ್ಕಾರಕ್ಕೆ ಮೀನುಗಾರಿಕೆಯ ಸಲಹೆಗಾರರಾದರು. ತೀರಿಕೊಂಡದ್ದು 1969ರಲ್ಲಿ.

ನಮ್ಮ ಆಗುಂಬೆಯ ವಿಷಯಕ್ಕೆ ಎರಡೇ ನಿಮಿಷ ಉಳಿದಿದೆ. ಘಟ್ಟದ ಜಲಪಾತಗಳ ಪಕ್ಕದ ಒದ್ದೆ ಬಂಡೆಗೆ ಅಂಟಿಕೊಂಡು ಒಂದು ಪುಟ್ಟ ಬಸವನಹುಳು ಇದೆ. ಅದರ ನೆಂಟರೆಲ್ಲ ಸಮುದ್ರದ ಬಂಡೆಯ ಮೇಲೆ ಇರುವವರು, ಇದು ಮಾತ್ರ ಘಟ್ಟದ ಸಿಹಿನೀರಿಗೆ ಸೇರಿದೆ. ಈ ಕುಲಕ್ಕೆ ಬ್ರಿಟಿಷ್ ವಿಜ್ಞಾನಿ ಬ್ಲಾನ್‌ಫರ್ಡ್ ಹೆಸರಿಟ್ಟದ್ದು 1869ರಲ್ಲಿ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಡೇವಿಡ್ ರೀಡ್, ನಮ್ಮವರೇ ಆದ ಅರವಿಂದ ಮತ್ತು ಮಧ್ಯಸ್ಥ ಸೇರಿ 2013ರಲ್ಲಿ ಹೊಸ ಪ್ರಭೇದಗಳನ್ನು ವಿವರಿಸಿದರು. ಒಂದಕ್ಕೆ ಆಗುಂಬೆಯ ಹೆಸರೇ ಇದೆ. ಯಾವ ತೊರೆ, ಯಾವ ಬಂಡೆ ಅಂತ ಬರೆದಿಟ್ಟದ್ದರಿಂದಲೇ ಅದಕ್ಕೆ ಆ ಊರಿನ ಹೆಸರು ಬಂದದ್ದು.

ಶಾಲೆಯ ಮೇಷ್ಟ್ರುಗಳಿಗೆ, ಟೀಚರುಗಳಿಗೆ ಒಂದು ಕೋರಿಕೆ. ಮಕ್ಕಳು ಚಿಪ್ಪು ತಂದರೆ ಬೈಯಬೇಡಿ, ಚೀಟಿ ಬರೆಸಿ. ಊರು, ತಾಲ್ಲೂಕು, ಕೆರೆಯ ಅಥವಾ ಹಳ್ಳದ ಹೆಸರು, ಕಲ್ಲಿನ ಮೇಲಿತ್ತೋ ಕೆಸರಿನಲ್ಲೋ, ತಾರೀಖು, ಮಗುವಿನ ಹೆಸರು. ಪೆನ್ನು ಬೇಡ, ಶಾಯಿ ಕದಡುತ್ತದೆ, ಪೆನ್ಸಿಲ್ಲಿನಲ್ಲೇ ಬರೆಯಿರಿ. ಸತ್ತ ಖಾಲಿ ಚಿಪ್ಪು ಮಾತ್ರ ತನ್ನಿ, ಜೀವ ಇದ್ದದ್ದನ್ನು ಅಲ್ಲೇ ಬಿಡಿ. ಬರೆದ ಚೀಟಿಯನ್ನು ಚಿಪ್ಪಿನ ಜೊತೆ ಒಂದೇ ಡಬ್ಬಿಯಲ್ಲಿ ಹಾಕಿ ಮುಚ್ಚಿಡಿ. ನಮಸ್ಕಾರ.